ಆರು ಥರ್ಮಲ್ ಸೈಕ್ಲರ್‌ಗಳನ್ನು ಒಂದೇ ಜಾಲಕ್ಕೆ ಸೇರಿಸುವ ಮುನ್ನ

ಪ್ರಶ್ನೆ: ನಮ್ಮ ಪ್ರಯೋಗಾಲಯದಲ್ಲಿ ಆರು ಥರ್ಮಲ್ ಸೈಕ್ಲರ್‌ಗಳಿವೆ, ಅಂದರೆ ಟ್ಯೂಬ್‌ಗಳನ್ನು ಮತ್ತೆ ಮತ್ತೆ ಬಿಸಿ ಮಾಡಿ ತಣಿಸಿ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ (ಪಿಸಿಆರ್) ಯಂತ್ರಗಳು. ಅವು ಎರಡು ಕಂಪನಿಗಳವು, ಕೊಂಡ ಕಾಲವೂ ಬೇರೆ ಬೇರೆ. ನಾಲ್ಕಕ್ಕೆ ಈಥರ್ನೆಟ್ ಪೋರ್ಟ್ ಇದೆ. ಐದನೆಯದು ರಿಯಲ್-ಟೈಮ್ ಪಿಸಿಆರ್ ಯಂತ್ರ. ಅದು ಯುಎಸ್‌ಬಿ ಮೂಲಕ ಒಂದು ಕಂಪ್ಯೂಟರಿಗೆ ಸೇರಿದೆ. ಎಲ್ಲಕ್ಕಿಂತ ಹಳೆಯದರ ಹಿಂಬದಿಯಲ್ಲಿ ಒಂಬತ್ತು ಪಿನ್ನುಗಳ ಸೀರಿಯಲ್ ಪೋರ್ಟ್ ಮಾತ್ರ ಇದೆ. ಇವೆಲ್ಲವನ್ನೂ ಒಂದೇ ಕಡೆಯಿಂದ ನೋಡಲು, ಪ್ರೋಗ್ರಾಂಗಳನ್ನು ಕಳುಹಿಸಲು, ರನ್ ದಾಖಲೆಗಳನ್ನು ಒಂದೆಡೆ ಇಡಲು ಸಾಧ್ಯವೇ? ಸಂಸ್ಥೆಯ ಸಾಮಾನ್ಯ ಜಾಲಕ್ಕೇ ಸೇರಿಸಬಹುದೇ, ಪ್ರತ್ಯೇಕ ಜಾಲ ಬೇಕೇ? ರನ್ ನಡೆಯುತ್ತಿರುವಾಗ ಜಾಲ ಕೈಕೊಟ್ಟರೆ ಸ್ಯಾಂಪಲ್‌ಗಳ ಗತಿಯೇನು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಎಲ್ಲ ನಿರ್ಧಾರಗಳೂ ಅದರ ಉತ್ತರವನ್ನು ಅವಲಂಬಿಸಿವೆ. ಸಾಮಾನ್ಯ ಥರ್ಮಲ್ ಸೈಕ್ಲರ್‌ನಲ್ಲಿ ಟ್ಯೂಬ್‌ಗಳು ಕೂರುವ ಲೋಹದ ಬ್ಲಾಕ್‌ನ ಉಷ್ಣತೆಯನ್ನು ಅಳೆಯುವ ಸೆನ್ಸರ್, ಅದನ್ನು ಬಿಸಿ ಮಾಡಿ ತಣಿಸುವ ಪೆಲ್ಟಿಯರ್ ಘಟಕಗಳಿಗೆ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುವ ಸರ್ಕ್ಯೂಟ್, ಚಕ್ರಗಳನ್ನು ಎಣಿಸುವ ಪ್ರೊಸೆಸರ್ ಎಲ್ಲವೂ ಯಂತ್ರದ ಒಳಗೇ ಇರುತ್ತವೆ. ಕಂಪ್ಯೂಟರಿನಿಂದ ಕಳುಹಿಸಿದ ಪ್ರೋಗ್ರಾಂ ಮೊದಲು ಯಂತ್ರದ ಸ್ಮರಣೆಗೆ ಇಳಿಯುತ್ತದೆ, ಬಳಿಕವೇ ರನ್ ಶುರುವಾಗುತ್ತದೆ. ಆದ್ದರಿಂದ ನಡುವೆ ಕೇಬಲ್ ಕಿತ್ತುಬಂದರೂ 95 ಡಿಗ್ರಿಯಿಂದ 60ಕ್ಕೆ ಇಳಿಯುವ ಕೆಲಸ ನಿಲ್ಲುವುದಿಲ್ಲ. ಪರದೆಯ ಮೇಲೆ ಆ ಯಂತ್ರದ ಹೆಸರು ಬೂದುಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಜಾಲವನ್ನು ಯೋಜಿಸುವಾಗ ನೀವು ಕಾಪಾಡಿಕೊಳ್ಳಬೇಕಾದ ಗುಣವೂ ಇದೇ: ಉಷ್ಣತೆಯ ನಿಯಂತ್ರಣ ಎಂದೂ ಜಾಲದ ಮೇಲೆ ನಿಂತಿರಬಾರದು. ಜಾಲದ ಕೆಲಸ ಪ್ರೋಗ್ರಾಂ ತಲುಪಿಸುವುದು, ಸ್ಥಿತಿ ತಿಳಿಸುವುದು, ದಾಖಲೆ ಹಿಂದಕ್ಕೆ ತರುವುದು, ಇಷ್ಟಕ್ಕೇ ಸೀಮಿತವಾಗಿರಲಿ.

ಇದಕ್ಕೆ ಎರಡು ಅಪವಾದಗಳಿವೆ. ಕೆಲವು ಮಾದರಿಗಳಲ್ಲಿ ಪರದೆಯುಳ್ಳ ಒಂದು ಮುಖ್ಯ ಯಂತ್ರವಿದ್ದು, ಪರದೆಯಿಲ್ಲದ ಒಂದೆರಡು ಯಂತ್ರಗಳು ಕೇಬಲ್ ಮೂಲಕ ಅದರ ಅಧೀನದಲ್ಲಿರುತ್ತವೆ. ಅಂಥವು ನಿಮ್ಮಲ್ಲಿದ್ದರೆ ಮುಖ್ಯ ಯಂತ್ರ ಆರಿದಾಗ ಅಧೀನ ಯಂತ್ರಗಳು ಏನು ಮಾಡುತ್ತವೆ ಎಂಬುದನ್ನು ಕೈಪಿಡಿಯಲ್ಲಿ ಓದಿ, ಪರೀಕ್ಷಿಸಿಯೂ ನೋಡಿಕೊಳ್ಳಬೇಕು. ಎರಡನೆಯ ಅಪವಾದವೇ ಹೆಚ್ಚು ಗಂಭೀರವಾದದ್ದು, ಅದು ನಿಮ್ಮ ರಿಯಲ್-ಟೈಮ್ ಯಂತ್ರ. ಅಲ್ಲಿ ಪ್ರತಿ ಚಕ್ರದಲ್ಲೂ ಪ್ರತಿದೀಪ್ತಿಯ, ಅಂದರೆ ಡಿಎನ್‌ಎ ಹೆಚ್ಚಿದಂತೆ ಹೆಚ್ಚುವ ಬೆಳಕಿನ, ಅಳತೆ ನಡೆಯುತ್ತದೆ. ಆ ಅಳತೆಗಳನ್ನು ಸ್ವಂತ ಸ್ಮರಣೆಯಲ್ಲಿ ಉಳಿಸಿಕೊಳ್ಳುವ ಯಂತ್ರಗಳೂ ಇವೆ, ಆಗಿಂದಾಗ್ಗೆ ಕಂಪ್ಯೂಟರಿಗೆ ಕಳುಹಿಸಿ ಕೈತೊಳೆದುಕೊಳ್ಳುವ ಯಂತ್ರಗಳೂ ಇವೆ. ಎರಡನೆಯ ಬಗೆಯದರಲ್ಲಿ ಕಂಪ್ಯೂಟರ್ ನಿದ್ರೆಗೆ ಜಾರಿದರೆ, ಇಲ್ಲವೇ ವಿದ್ಯುತ್ ಉಳಿಸಲೆಂದು ಯುಎಸ್‌ಬಿ ಪೋರ್ಟನ್ನು ಮಲಗಿಸಿದರೆ, ಉಷ್ಣಚಕ್ರಗಳು ಮುಗಿದರೂ ಅಳತೆಗಳು ದಕ್ಕುವುದಿಲ್ಲ. ರಾತ್ರಿಯಿಡೀ ನಡೆಯಲೆಂದು ಬಿಟ್ಟುಹೋದ ಪ್ಲೇಟ್ ಒಂದನ್ನು ಬೆಳಗ್ಗೆ ನೋಡಿದಾಗ ಕಂಪ್ಯೂಟರ್ ತಾನೇ ಅಪ್‌ಡೇಟ್ ಮಾಡಿಕೊಂಡು ಮರುಚಾಲನೆಗೊಂಡಿದ್ದು, ವಕ್ರರೇಖೆಗಳು ಏರತೊಡಗುವ ಮುನ್ನವೇ ತುಂಡಾಗಿ ನಿಂತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 96 ಕುಳಿಗಳಲ್ಲೂ ಡಿಎನ್‌ಎ ಬೆಳೆದಿತ್ತು, ಎಷ್ಟನೆಯ ಚಕ್ರದಲ್ಲಿ ಬೆಳೆಯಿತೆಂದು ಹೇಳುವವರು ಯಾರೂ ಇರಲಿಲ್ಲ. ಆದ್ದರಿಂದ ಈ ಯಂತ್ರದ ಕಂಪ್ಯೂಟರನ್ನು ಅದರ ಪಕ್ಕದಲ್ಲೇ, ಅದೊಂದಕ್ಕೇ ಮೀಸಲಾಗಿ ಇಡಿ. ನಿದ್ರೆಯ ಹೊಂದಿಕೆಯನ್ನೂ ಯುಎಸ್‌ಬಿ ವಿದ್ಯುತ್ ಉಳಿತಾಯವನ್ನೂ ತೆಗೆದುಹಾಕಿ, ಅಪ್‌ಡೇಟ್‌ಗಳನ್ನು ರನ್ ಇಲ್ಲದ ಹೊತ್ತಿಗೆ ನಿಗದಿಪಡಿಸಿ. ಜಾಲಕ್ಕೆ ಸೇರಬೇಕಾದದ್ದು ಈ ಕಂಪ್ಯೂಟರ್, ಅದರ ಹಿಂದಿರುವ ಯಂತ್ರವಲ್ಲ. ರನ್ ಮುಗಿದ ಮೇಲೆ ಫಲಿತಾಂಶದ ಕಡತವನ್ನು ಸಾಮಾನ್ಯ ಸಂಗ್ರಹಕ್ಕೆ ನಕಲು ಮಾಡಿದರೆ ಸಾಕು; ಜಾಲದ ಫೋಲ್ಡರಿಗೆ ನೇರವಾಗಿ ಬರೆಯುವಂತೆ ರನ್ ಆರಂಭಿಸುವ ಅಭ್ಯಾಸ ಬೇಡ.

ಇನ್ನು ಈಥರ್ನೆಟ್ ಇರುವ ನಾಲ್ಕರ ವಿಷಯ. ಇಲ್ಲಿ ವೇಗದ ಚಿಂತೆ ಅನಗತ್ಯ. ಒಂದು ಪಿಸಿಆರ್ ಪ್ರೋಗ್ರಾಂ ಎಂದರೆ ಹತ್ತಾರು ಸಾಲುಗಳ ಪಠ್ಯದಷ್ಟು ಗಾತ್ರದ ಮಾಹಿತಿ. ರನ್ ದಾಖಲೆಯೂ ತೀರಾ ದೊಡ್ಡದಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನ ಹಳೆಯ ಸ್ವಿಚ್ (ಜಾಲದ ಕೇಬಲ್‌ಗಳನ್ನು ಕೂಡಿಸುವ ಪೆಟ್ಟಿಗೆ) ಕೂಡ ನಿಮಗೆ ಅತಿಯಾಯಿತು. ಎಂಟು ಪೋರ್ಟ್‌ಗಳ ಒಂದು ಸ್ವಿಚ್, ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್‌ಗಳು, ಒಂದು ಕಂಪ್ಯೂಟರ್, ಇವಿಷ್ಟೇ ಬೇಕಾದ ಸಾಮಗ್ರಿ. ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಹೋಗಬಹುದಾದ್ದರಿಂದ ಯಂತ್ರಗಳು ಬೇರೆ ಬೇರೆ ಕೋಣೆಗಳಲ್ಲಿದ್ದರೂ ತೊಂದರೆಯಿಲ್ಲ. ಯಂತ್ರದಲ್ಲಿ ವೈ-ಫೈ ಸೌಲಭ್ಯವಿದ್ದರೂ ಕೇಬಲ್ ಎಳೆಯಲು ಸಾಧ್ಯವಿರುವಲ್ಲಿ ಕೇಬಲ್ಲನ್ನೇ ಆರಿಸಿಕೊಳ್ಳಿ. ಸ್ಟೀಲ್ ಕಪಾಟುಗಳು, ಫ್ರೀಜರುಗಳು, ಬಯೋಸೇಫ್ಟಿ ಕ್ಯಾಬಿನೆಟ್‌ಗಳು ತುಂಬಿದ ಕೋಣೆಯಲ್ಲಿ ರೇಡಿಯೋ ಸಂಕೇತ ಎಲ್ಲೆಡೆ ಒಂದೇ ಬಗೆಯಾಗಿ ಸಿಗುವುದಿಲ್ಲ, ಮೇಲಾಗಿ ಸಂಸ್ಥೆಯವರು ವೈ-ಫೈ ಗುಪ್ತಪದ ಬದಲಿಸಿದ ದಿನ ಎಲ್ಲ ಯಂತ್ರಗಳೂ ಒಟ್ಟಿಗೆ ಮಾಯವಾಗುತ್ತವೆ.

ವಿಳಾಸಗಳ ವಿಷಯದಲ್ಲಿ ಮಾತ್ರ ಶಿಸ್ತು ಬೇಕು. ಪ್ರತ್ಯೇಕ ಜಾಲವಾದರೆ ಕಂಪ್ಯೂಟರಿಗೆ 192.168.50.10, ಯಂತ್ರಗಳಿಗೆ 192.168.50.11ರಿಂದ 14ರವರೆಗೆ, ಸಬ್‌ನೆಟ್ ಮಾಸ್ಕ್ ಎಲ್ಲಕ್ಕೂ 255.255.255.0 ಎಂದು ಸ್ಥಿರ ವಿಳಾಸಗಳನ್ನು ಕೊಡಬಹುದು. ಆಯ್ದ ಶ್ರೇಣಿ ಸಂಸ್ಥೆಯ ಜಾಲದ ಶ್ರೇಣಿಯ ಮೇಲೆ ಬೀಳದಂತೆ ಮೊದಲೇ ಕೇಳಿಕೊಳ್ಳಿ. ಸಂಸ್ಥೆಯ ಜಾಲದೊಳಗೇ ಇರುವುದಾದರೆ ಸ್ಥಿರ ವಿಳಾಸವನ್ನು ನೀವಾಗಿಯೇ ಬರೆಯಬೇಡಿ; ಪ್ರತಿ ಯಂತ್ರದ ಮ್ಯಾಕ್ ವಿಳಾಸವನ್ನು (ಅದರ ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಜಾಲದ ನಿರ್ವಾಹಕರಿಗೆ ಕೊಟ್ಟು, ವಿಳಾಸಗಳನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಲು ಹೇಳಿ. ಎರಡು ಯಂತ್ರಗಳಿಗೆ ಒಂದೇ ವಿಳಾಸ ಬಿದ್ದಾಗ ಕಾಣುವ ಲಕ್ಷಣ ವಿಚಿತ್ರ: ಎರಡೂ ಸರಿಯಿದ್ದಂತೆ ತೋರುತ್ತವೆ, ಆದರೆ ಒಮ್ಮೆ ಒಂದು, ಮತ್ತೊಮ್ಮೆ ಇನ್ನೊಂದು ಉತ್ತರಿಸುತ್ತದೆ. ಯಂತ್ರದ ಮುಂಬದಿಯಲ್ಲಿ ಅದರ ಹೆಸರು ಮತ್ತು ವಿಳಾಸವಿರುವ ಚೀಟಿ ಅಂಟಿಸಿ, ಸಾಫ್ಟ್‌ವೇರ್‌ನಲ್ಲೂ ಅದೇ ಹೆಸರಿಡಿ. ತಪ್ಪು ಯಂತ್ರಕ್ಕೆ ಪ್ರೋಗ್ರಾಂ ಕಳುಹಿಸುವ ಅಪಘಾತಗಳಲ್ಲಿ ಬಹುಪಾಲು ಈ ಚೀಟಿಯ ಕೊರತೆಯಿಂದಲೇ ಆಗುತ್ತವೆ. ಇನ್ನೊಂದು ಸಣ್ಣ ಎಚ್ಚರಿಕೆ: ಸ್ವಿಚ್‌ನ ಬಳಿ ನೇತಾಡುವ ಕೇಬಲ್‌ನ ಎರಡೂ ತುದಿಗಳನ್ನು ಯಾರೋ ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಅದೇ ಸ್ವಿಚ್‌ಗೆ ಚುಚ್ಚಿದರೆ, ಸಂದೇಶಗಳು ಸುತ್ತುತ್ತಲೇ ಇದ್ದು ಇಡೀ ಜಾಲ ಕಟ್ಟಿಕೊಳ್ಳುತ್ತದೆ. ಬಳಕೆಯಲ್ಲಿಲ್ಲದ ಕೇಬಲ್ಲನ್ನು ತೆಗೆದಿಟ್ಟುಬಿಡಿ.

ಪ್ರತ್ಯೇಕ ಜಾಲವೇ, ಸಾಮಾನ್ಯ ಜಾಲವೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಪ್ರತ್ಯೇಕ. ಪ್ರಯೋಗಾಲಯದ ಉಪಕರಣಗಳು ಹತ್ತು ಹದಿನೈದು ವರ್ಷ ದುಡಿಯುತ್ತವೆ, ಅವುಗಳ ಸಾಫ್ಟ್‌ವೇರ್ ಅಷ್ಟು ಕಾಲ ಬಾಳುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ. ಆದರೂ ಈ ಎರಡರ ಮೇಲೆ ನಡೆಯುವ ಉಪಕರಣಗಳು ಇಂದಿಗೂ ಪ್ರಯೋಗಾಲಯಗಳಲ್ಲಿ ಇವೆ, ಏಕೆಂದರೆ ಯಂತ್ರದ ಡ್ರೈವರ್ ಹೊಸ ವ್ಯವಸ್ಥೆಯಲ್ಲಿ ಕೆಲಸ ಮಾಡುವುದಿಲ್ಲ. ಹಳೆಯ ಉಪಕರಣಗಳಲ್ಲಿ ಕೆಲವು ಕಡತ ಹಂಚಿಕೆಗೆ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲವು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಹುಳು ಜಗತ್ತಿನಾದ್ಯಂತ ಹರಡಿದ್ದು ಆ ಆವೃತ್ತಿಯಲ್ಲಿದ್ದ ದೋಷದ ಮೂಲಕವೇ. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ಆಗ ಅಸ್ತವ್ಯಸ್ತವಾಗಿತ್ತು. ಒಂದು ಹಳೆಯ ಸೈಕ್ಲರ್‌ಗಾಗಿ ಇಡೀ ಸಂಸ್ಥೆಯಲ್ಲಿ ಆ ಬಾಗಿಲು ತೆರೆದಿಡಲು ಯಾವ ನಿರ್ವಾಹಕರೂ ಒಪ್ಪಲಾರರು, ಒಪ್ಪಲೂಬಾರದು. ಸರಳ ವಿಧಾನವೆಂದರೆ ನಿಯಂತ್ರಣದ ಕಂಪ್ಯೂಟರಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕುವುದು: ಒಂದು ಸೈಕ್ಲರ್‌ಗಳ ಸ್ವಿಚ್‌ಗೆ, ಇನ್ನೊಂದು ಸಂಸ್ಥೆಯ ಜಾಲಕ್ಕೆ. ಎರಡರ ನಡುವೆ ಅವನ್ನು ಒಂದಾಗಿಸುವ ಬ್ರಿಡ್ಜ್ ಆಗಲಿ, ಇಂಟರ್‌ನೆಟ್ ಹಂಚಿಕೆಯಾಗಲಿ ಇರಬಾರದು. ದಾಖಲೆಗಳು ಈ ಕಂಪ್ಯೂಟರಿಗೆ ಬಂದು, ಇಲ್ಲಿಂದ ಮುಂದಕ್ಕೆ ನಕಲಾಗಲಿ. ಸಂಸ್ಥೆಯಲ್ಲಿ ಸಮರ್ಥ ಜಾಲ ವಿಭಾಗವಿದ್ದರೆ ಇದೇ ಕೆಲಸವನ್ನು ವಿಎಲ್ಎಎನ್ (ಒಂದೇ ಜಾಲವನ್ನು ಬೇರೆ ಬೇರೆ ಭಾಗಗಳಾಗಿ ಬೇರ್ಪಡಿಸುವ ವ್ಯವಸ್ಥೆ) ಮತ್ತು ಫೈರ್‌ವಾಲ್‌ಗಳಿಂದ ಇನ್ನೂ ಚೆನ್ನಾಗಿ ಮಾಡಿಕೊಡುತ್ತಾರೆ. ಆಗ ನೀವು ಕೊಡಬೇಕಾದ ಮಾಹಿತಿ ಒಂದೇ: ಯಾವ ಸಾಧನ ಯಾವುದರೊಂದಿಗೆ, ಯಾವ ಪೋರ್ಟ್ ಸಂಖ್ಯೆಯಲ್ಲಿ ಮಾತನಾಡಬೇಕು. ಮನೆಯಿಂದ ನೋಡುವ ಆಸೆಯಿದ್ದರೆ ಸಂಸ್ಥೆಯ ವಿಪಿಎನ್ ಮೂಲಕ ಬನ್ನಿ. ಸೈಕ್ಲರ್‌ಗೆ ನೇರವಾಗಿ ಹೊರಗಿನಿಂದ ದಾರಿ ಮಾಡಿಕೊಡುವುದನ್ನು ಯೋಚಿಸಲೂಬೇಡಿ.

ಎರಡು ಕಂಪನಿಗಳ ಯಂತ್ರಗಳನ್ನು ಒಂದೇ ಪರದೆಯಲ್ಲಿ ಕಾಣುವ ನಿರೀಕ್ಷೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಬೇಕಾಗುತ್ತದೆ. ಭೌತಿಕವಾಗಿ ಅವು ಒಂದೇ ಸ್ವಿಚ್‌ನಲ್ಲಿರಬಹುದು, ಆದರೆ ಪ್ರತಿ ಕಂಪನಿಯ ಸಾಫ್ಟ್‌ವೇರ್ ತನ್ನ ಯಂತ್ರಗಳ ಭಾಷೆಯನ್ನು ಮಾತ್ರ ಬಲ್ಲದು. ಪ್ರಯೋಗಾಲಯದ ಉಪಕರಣಗಳಿಗೆಲ್ಲ ಒಂದೇ ಭಾಷೆ ಇರಲೆಂದು ಸಿಲಾ 2 ಎಂಬ ಮಾನದಂಡ ಬಂದಿದೆಯಾದರೂ, ಈಗಾಗಲೇ ನಿಮ್ಮ ಮೇಜಿನ ಮೇಲಿರುವ ಹಳೆಯ ಯಂತ್ರಗಳಿಗೆ ಅದು ತಾನಾಗಿ ಬರುವುದಿಲ್ಲ. ಒಂದೇ ಕಂಪ್ಯೂಟರಿನಲ್ಲಿ ಎರಡು ಸಾಫ್ಟ್‌ವೇರ್‌ಗಳು, ಎರಡರ ದಾಖಲೆಗಳೂ ಬಂದು ಸೇರುವ ಒಂದು ಸಾಮಾನ್ಯ ಫೋಲ್ಡರ್, ಇಷ್ಟಕ್ಕೆ ತೃಪ್ತಿಪಡುವುದು ವಾಸ್ತವಿಕ. ಕಂಪನಿ ಆಜ್ಞೆಗಳ ಪಟ್ಟಿಯನ್ನು ಪ್ರಕಟಿಸಿದ್ದರೆ ನೀವೇ ಒಂದು ಸಣ್ಣ ಪ್ರೋಗ್ರಾಂ ಬರೆದು ಸ್ಥಿತಿಯನ್ನು ಓದಿಕೊಳ್ಳಬಹುದು. ಪ್ರಕಟಿಸದಿದ್ದರೆ, ಕೇಬಲ್‌ನಲ್ಲಿ ಹರಿಯುವ ಸಂದೇಶಗಳನ್ನು ಕದ್ದು ಕೇಳಿ ಊಹಿಸಿ ಬರೆದ ತಂತ್ರಾಂಶದ ಕೈಗೆ ರೋಗಿಯ ಸ್ಯಾಂಪಲ್ ಇರುವ ಯಂತ್ರವನ್ನು ಕೊಡಬೇಡಿ.

ಜಾಲದ ತಂತಿಗಳಿಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಪ್ರೋಗ್ರಾಂಗಳ ಸಾಮಾನ್ಯ ಸಂಗ್ರಹ. ಜಾಲ ಮಾಡಿಕೊಂಡವರು ಮೊದಲ ವಾರದಲ್ಲೇ ಮಾಡುವ ಕೆಲಸವೆಂದರೆ ಒಂದು ಯಂತ್ರದಲ್ಲಿ ಚೆನ್ನಾಗಿ ನಡೆಯುತ್ತಿದ್ದ ಪ್ರೋಗ್ರಾಂ ಅನ್ನು ಉಳಿದವಕ್ಕೆಲ್ಲ ಕಳುಹಿಸಿ, ಎಲ್ಲವೂ ಒಂದೇ ರೀತಿ ಕೆಲಸ ಮಾಡುತ್ತವೆ ಎಂದು ನಂಬುವುದು. ಪ್ರೋಗ್ರಾಂ ಒಂದೇ ಆದರೂ ಟ್ಯೂಬಿನೊಳಗೆ ನಡೆಯುವುದು ಒಂದೇ ಆಗಿರಬೇಕಾಗಿಲ್ಲ. ಉದಾಹರಣೆಗೆ 95, 58, 72 ಡಿಗ್ರಿಗಳ ಸಾಮಾನ್ಯ ಪ್ರೋಗ್ರಾಂ ಅನ್ನು ನೋಡಿ. ಒಂದು ಚಕ್ರದಲ್ಲಿ ಬ್ಲಾಕ್ 37 ಡಿಗ್ರಿ ಇಳಿದು, 14 ಏರಿ, ಮತ್ತೆ 23 ಏರುತ್ತದೆ. ಒಟ್ಟು 74 ಡಿಗ್ರಿಗಳ ಪ್ರಯಾಣ. ಸೆಕೆಂಡಿಗೆ ಸರಾಸರಿ 2 ಡಿಗ್ರಿ ಚಲಿಸುವ ಹಳೆಯ ಯಂತ್ರಕ್ಕೆ ಇದಕ್ಕೆ 37 ಸೆಕೆಂಡು ಬೇಕು, 5 ಡಿಗ್ರಿ ಚಲಿಸುವ ಹೊಸದಕ್ಕೆ ಸುಮಾರು 15. ಚಕ್ರವೊಂದಕ್ಕೆ 22 ಸೆಕೆಂಡಿನ ಈ ವ್ಯತ್ಯಾಸ 35 ಚಕ್ರಗಳಲ್ಲಿ ಸುಮಾರು 13 ನಿಮಿಷವಾಗುತ್ತದೆ. ಆ 13 ನಿಮಿಷ ಬರಿಯ ಕಾಯುವ ಹೊತ್ತಲ್ಲ: ಉಷ್ಣತೆ ನಿಧಾನವಾಗಿ ಏರುತ್ತಿರುವಾಗಲೂ ಡಿಎನ್‌ಎ ಕಟ್ಟುವ ಕಿಣ್ವವಾದ ಪಾಲಿಮರೇಸ್ ಕೆಲಸ ಮಾಡುತ್ತಲೇ ಇರುತ್ತದೆ, ನಿಧಾನವಾಗಿ ಇಳಿಯುತ್ತಿರುವಾಗ ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಡಿಎನ್‌ಎ ತುಣುಕುಗಳಾದ ಪ್ರೈಮರ್‌ಗಳು ಕೂಡಿಕೊಳ್ಳುತ್ತಿರುತ್ತವೆ. ಹಳೆಯ ಯಂತ್ರದಲ್ಲಿ 10 ಸೆಕೆಂಡಿನ ವಿಸ್ತರಣೆ ಹಂತ ಸಾಕಾಗುತ್ತಿದ್ದದ್ದು, ವಾಸ್ತವವಾಗಿ ಆ ಹಂತದ ಮುಂಚಿನ ಏರಿಕೆಯೂ ಕೈಜೋಡಿಸಿದ್ದರಿಂದ ಇರಬಹುದು. ವೇಗದ ಯಂತ್ರಕ್ಕೆ ಅದೇ ಪ್ರೋಗ್ರಾಂ ಕೊಟ್ಟಾಗ ಜೆಲ್‌ನಲ್ಲಿ ಡಿಎನ್‌ಎ ಮೂಡಿಸುವ ಪಟ್ಟಿ (ಬ್ಯಾಂಡ್) ಮಸುಕಾಗಿ, ಯಂತ್ರ ಕೆಟ್ಟಿದೆಯೆಂಬ ದೂರು ಬರುತ್ತದೆ.

ಇದರ ಜೊತೆಗೆ ಉಷ್ಣತೆಯ ಲೆಕ್ಕಾಚಾರದ ಬಗೆಯೂ ಇದೆ. ಕೆಲವು ಯಂತ್ರಗಳು ಬ್ಲಾಕ್ ನಿಗದಿತ ಉಷ್ಣತೆ ಮುಟ್ಟಿದೊಡನೆ ಸಮಯ ಎಣಿಸತೊಡಗುತ್ತವೆ. ಬೇರೆ ಕೆಲವು, ನೀವು ನಮೂದಿಸಿದ ದ್ರವದ ಪ್ರಮಾಣವನ್ನು ಆಧರಿಸಿ ಟ್ಯೂಬಿನೊಳಗಿನ ಉಷ್ಣತೆಯನ್ನು ಅಂದಾಜು ಮಾಡಿ, ಅದು ಮುಟ್ಟಿದ ಮೇಲಷ್ಟೇ ಎಣಿಸುತ್ತವೆ. ಎರಡನೆಯ ಬಗೆಯಲ್ಲಿ 50 ಮೈಕ್ರೋಲೀಟರ್ ಎಂದು ಉಳಿದುಹೋದ ಹಳೆಯ ನಮೂದು, 10 ಮೈಕ್ರೋಲೀಟರಿನ ನಿಮ್ಮ ಮಿಶ್ರಣವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕಾಯಿಸುತ್ತದೆ. ಬಿಸಿ ಮುಚ್ಚಳದ ಉಷ್ಣತೆಯೂ ಸಾಮಾನ್ಯವಾಗಿ 100ರಿಂದ 110 ಡಿಗ್ರಿಗಳ ನಡುವೆ ಇರುತ್ತದಾದರೂ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ. ಆದ್ದರಿಂದ ಸಂಗ್ರಹದಲ್ಲಿ ಪ್ರೋಗ್ರಾಂ ಹೆಸರಿನೊಳಗೇ ಯಂತ್ರದ ಮಾದರಿ, ದ್ರವದ ಪ್ರಮಾಣ, ಆವೃತ್ತಿ ಸಂಖ್ಯೆ ಸೇರಿರಲಿ. ವೇಗದ ಯಂತ್ರದಲ್ಲಿ ಏರಿಳಿತದ ವೇಗವನ್ನು ತಗ್ಗಿಸುವ ಅವಕಾಶವಿದ್ದರೆ, ಹಳೆಯ ಯಂತ್ರವನ್ನು ಅನುಕರಿಸುವ ಪ್ರತ್ಯೇಕ ಪ್ರೋಗ್ರಾಂ ಮಾಡಿ, ಒಂದೇ ಮಾದರಿಯ ಸ್ಯಾಂಪಲ್‌ಗಳನ್ನು ಎಲ್ಲ ಯಂತ್ರಗಳಲ್ಲೂ ನಡೆಸಿ ಒಂದೇ ಜೆಲ್‌ನಲ್ಲಿ ಪಕ್ಕಪಕ್ಕ ಓಡಿಸಿ ನೋಡಿ. ಮೂಲ ಪ್ರತಿಯನ್ನು ತಿದ್ದುವ ಅಧಿಕಾರ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಇರಲಿ, ಉಳಿದವರು ಓದಿ ಬಳಸಲಿ. ಮೊದಲು ಒಂದು ಯಂತ್ರದಲ್ಲಿ ಬೆರಳು ತಪ್ಪಿದರೆ ಒಂದು ರನ್ ಹಾಳಾಗುತ್ತಿತ್ತು. ಜಾಲ ಬಂದ ಮೇಲೆ ಅದೇ ತಪ್ಪು ಹಲವು ಯಂತ್ರಗಳಿಗೆ ಒಂದೇ ಕ್ಷಣದಲ್ಲಿ ತಲುಪುತ್ತದೆ.

ದಾಖಲೆಗಳ ಮಟ್ಟಿಗೆ ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು. ಪ್ರತ್ಯೇಕ ಜಾಲದಲ್ಲಿ ಹೊರಗಿನ ಸಮಯ ಸರ್ವರ್ ಸಿಗದಿರುವುದರಿಂದ ನಿಯಂತ್ರಣದ ಕಂಪ್ಯೂಟರನ್ನೇ ಜಾಲಕ್ಕೆ ಸಮಯ ಹೇಳುವ ಎನ್‌ಟಿಪಿ ಸರ್ವರ್ ಆಗಿ ಮಾಡಬಹುದು. ಅದಕ್ಕೆ ಸ್ಪಂದಿಸದ ಯಂತ್ರಗಳ ಗಡಿಯಾರವನ್ನು ತಿಂಗಳಿಗೊಮ್ಮೆ ಕೈಯಿಂದ ಸರಿಪಡಿಸಿ. ನಿಮ್ಮದು ಐಎಸ್‌ಒ 15189 ಮಾನ್ಯತೆಯ ವೈದ್ಯಕೀಯ ಪ್ರಯೋಗಾಲಯವಾಗಿದ್ದರೆ ಎಲ್ಲರೂ ಒಂದೇ ಲಾಗಿನ್ ಬಳಸುವ ರೂಢಿ ನಿಲ್ಲಬೇಕು, ಏಕೆಂದರೆ ರನ್ ಆರಂಭಿಸಿದವರು ಯಾರೆಂಬುದಕ್ಕೆ ಆ ದಾಖಲೆಯೇ ಸಾಕ್ಷಿ.

ಜಾಲದಿಂದ ಸಿಗುವ ಒಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಿಸಿಆರ್ ಮಿಶ್ರಣ ತಯಾರಿಸುವ ಕೋಣೆಯನ್ನೂ ವರ್ಧಿಸಿದ ಉತ್ಪನ್ನವನ್ನು ತೆರೆಯುವ ಕೋಣೆಯನ್ನೂ ಬೇರೆ ಬೇರೆಯಾಗಿ ಇಟ್ಟು, ಕೋಟು, ಪಿಪೆಟ್, ಟ್ಯೂಬ್ ಸ್ಟ್ಯಾಂಡ್ ಕೂಡ ಅಲ್ಲಿಂದ ಇಲ್ಲಿಗೆ ಬರದಂತೆ ಕಾಯುವ ಪ್ರಯೋಗಾಲಯಗಳಲ್ಲೂ, ಒಂದು ಪೆನ್‌ಡ್ರೈವ್ ಮಾತ್ರ ಗ್ಲೌಸ್ ಹಾಕಿದ ಕೈಗಳ ಮೂಲಕ ದಿನವಿಡೀ ಆಚೀಚೆ ಓಡಾಡುತ್ತಿರುತ್ತದೆ. ವರ್ಧಿತ ಡಿಎನ್‌ಎಯ ಕಣ್ಣಿಗೆ ಕಾಣದ ಹನಿಯಲ್ಲೂ ಅಸಂಖ್ಯ ಪ್ರತಿಗಳಿರುತ್ತವೆ, ಅವುಗಳಲ್ಲಿ ಕೆಲವೇ ಪ್ರತಿಗಳು ಶುದ್ಧ ಕೋಣೆಗೆ ತಲುಪಿದರೂ ನೆಗೆಟಿವ್ ಕಂಟ್ರೋಲ್‌ನಲ್ಲಿ (ಸ್ಯಾಂಪಲ್ ಡಿಎನ್‌ಎ ಹಾಕದ ಟ್ಯೂಬಿನಲ್ಲಿ) ಬ್ಯಾಂಡ್ ಮೂಡಲು ಸಾಕು. ಜಾಲದ ಮೂಲಕ ಸಾಗುವ ಕಡತಕ್ಕೆ ಈ ಮೈಲಿಗೆ ಇಲ್ಲ. ಜಾಲ ಮುಗಿದ ದಿನ ಆ ಪೆನ್‌ಡ್ರೈವನ್ನು ಹಿಂದಿರುಗಿ ಬರದ ಜಾಗಕ್ಕೆ ಕಳುಹಿಸಿ.

ದೂರದಿಂದ ರನ್ ಆರಂಭಿಸುವ ಸೌಲಭ್ಯದ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮುಚ್ಚಳ ಸರಿಯಾಗಿ ಬಿಗಿದಿದೆಯೇ, ಒಳಗಿರುವುದು ಇಂದಿನ ಪ್ಲೇಟೇ, ನಿನ್ನೆಯದೇ ಎಂಬುದನ್ನು ಜಾಲ ಹೇಳಲಾರದು. ಯಾರಾದರೂ ಟ್ಯೂಬ್ ಇಡಲು ಯಂತ್ರದ ಮುಂದೆ ನಿಂತೇ ಇರುತ್ತಾರಾದ್ದರಿಂದ ಅವರೇ ಗುಂಡಿ ಒತ್ತಲಿ. ಎಲ್ಲ ಯಂತ್ರಗಳನ್ನೂ ಒಂದೇ ಕ್ಷಣಕ್ಕೆ ಆರಂಭಿಸುವುದು ಇನ್ನೊಂದು ಕಾರಣಕ್ಕೂ ಸರಿಯಲ್ಲ: ಬ್ಲಾಕ್ ಮತ್ತು ಮುಚ್ಚಳ ಒಟ್ಟಿಗೆ ಕಾಯುವ ಮೊದಲ ನಿಮಿಷಗಳಲ್ಲಿ ಒಂದೊಂದು ಯಂತ್ರವೂ ಹಲವು ನೂರು ವಾಟ್ ಎಳೆಯುತ್ತದೆ, ಆರೂ ಒಂದೇ ಯುಪಿಎಸ್ ಮೇಲಿದ್ದರೆ ಅದು ಅಲ್ಲೇ ಕೈಚೆಲ್ಲಬಹುದು. ಸ್ವಿಚ್ ಮತ್ತು ಕಂಪ್ಯೂಟರುಗಳಿಗೂ ಯುಪಿಎಸ್ ಬೇಕೆಂಬುದನ್ನು ಲೆಕ್ಕ ಹಾಕುವಾಗ ಮರೆಯಬೇಡಿ. ದೂರದಿಂದ ನೋಡುವ ಸೌಲಭ್ಯ ಮಾತ್ರ ನಿಜವಾಗಿ ಉಪಯುಕ್ತ. ರನ್ ಮುಗಿದದ್ದು ತಿಳಿದರೆ ಯಂತ್ರ ಇರುಳಿಡೀ 4 ಡಿಗ್ರಿಯಲ್ಲಿ ನಿಂತು ಬ್ಲಾಕ್ ಮೇಲೆ ತೇವ ಕಟ್ಟುವುದು ತಪ್ಪುತ್ತದೆ. ಹಾಗೆ ನಿಲ್ಲಲೇಬೇಕಾದಾಗ ಅನೇಕ ಕೆಲಸಗಳಿಗೆ 10 ಅಥವಾ 12 ಡಿಗ್ರಿಯೇ ಸಾಕು.

ಪರದೆಯ ಮೇಲೆ ಕಾಣುವ 95.0 ಎಂಬ ಅಂಕಿಯನ್ನು ನಂಬುವ ಮುನ್ನ ಒಂದು ಮಾತು ನೆನಪಿರಲಿ: ಅದು ಯಂತ್ರ ತನ್ನ ಬಗ್ಗೆ ತಾನೇ ಕೊಡುವ ಹೇಳಿಕೆ. ಸೆನ್ಸರ್ ಒಂದು ಡಿಗ್ರಿ ತಪ್ಪಿದ್ದರೆ ಆ ತಪ್ಪೇ ಜಾಲದ ಮೂಲಕ ಅಚ್ಚುಕಟ್ಟಾಗಿ ದಾಖಲಾಗುತ್ತದೆ. ಕ್ಯಾಲಿಬ್ರೇಟ್ ಮಾಡಿದ ಹೊರಗಿನ ಪ್ರೋಬ್‌ಗಳನ್ನು ಕುಳಿಗಳಲ್ಲಿಟ್ಟು, ನಡುವೆಯೂ ಅಂಚುಗಳಲ್ಲೂ ಅಳೆಯುವ ಕೆಲಸ ಜಾಲ ಬಂದ ಮೇಲೂ ಮೊದಲಿನಂತೆಯೇ ನಡೆಯಬೇಕು.

ಎಲ್ಲವನ್ನೂ ಜೋಡಿಸಿದ ಮೇಲೆ ನಿಜವಾದ ಸ್ಯಾಂಪಲ್ ಇಡುವ ಮುನ್ನ ಒಂದು ದಿನವನ್ನು ಹಾಳುಗೆಡವಲೆಂದೇ ಮೀಸಲಿಡಿ. ಟ್ಯೂಬ್‌ಗಳಲ್ಲಿ 25 ಮೈಕ್ರೋಲೀಟರ್ ನೀರು ಹಾಕಿ ನಾಲ್ಕೂ ಯಂತ್ರಗಳಲ್ಲಿ ರನ್ ಆರಂಭಿಸಿ. ಒಂದರ ಕೇಬಲ್ ಕಿತ್ತು ಹತ್ತು ನಿಮಿಷದ ಬಳಿಕ ಮತ್ತೆ ಹಾಕಿ, ಸಾಫ್ಟ್‌ವೇರ್ ಅದನ್ನು ತಾನಾಗಿ ಗುರುತಿಸುತ್ತದೆಯೇ, ನಡುವಿನ ದಾಖಲೆ ಸಿಗುತ್ತದೆಯೇ ನೋಡಿ. ಬಳಿಕ ಸ್ವಿಚ್ ಆರಿಸಿ, ಅನಂತರ ಕಂಪ್ಯೂಟರನ್ನೇ ಆರಿಸಿ. ಕೊನೆಗೆ ಒಂದು ಯಂತ್ರದ ವಿದ್ಯುತ್ ತೆಗೆದು ಮತ್ತೆ ಕೊಡಿ. ಹಲವು ಯಂತ್ರಗಳು ನಿಂತಲ್ಲಿಂದ ರನ್ ಮುಂದುವರಿಸುತ್ತವೆ, ಆದರೆ ಎಷ್ಟು ಹೊತ್ತು ನಿಂತಿದ್ದವೆಂದು ದಾಖಲೆಯಲ್ಲಿ ಬರೆದಿದೆಯೇ ಎಂಬುದೇ ನಿಮಗೆ ಬೇಕಾದ ಉತ್ತರ. ಈ ಪರೀಕ್ಷೆಯನ್ನು ಫರ್ಮ್‌ವೇರ್ ಬದಲಾದಾಗಲೆಲ್ಲ ಮತ್ತೊಮ್ಮೆ ಮಾಡಬೇಕಾಗುತ್ತದೆ.

ಇನ್ನು ಉಳಿದದ್ದು ಸೀರಿಯಲ್ ಪೋರ್ಟ್ ಇರುವ ಹಳೆಯ ಯಂತ್ರ. ಆರ್‌ಎಸ್-232 ಅನ್ನು ಈಥರ್ನೆಟ್‌ಗೆ ಬದಲಿಸುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ; ಕಂಪ್ಯೂಟರಿನಲ್ಲಿ ಅವು ಒಂದು ಕಾಲ್ಪನಿಕ ಕಾಮ್ ಪೋರ್ಟ್ ಆಗಿ ಕಾಣಿಸಿಕೊಳ್ಳುತ್ತವೆ. ಬಾಡ್ ದರ, ಪ್ಯಾರಿಟಿ, ಸ್ಟಾಪ್ ಬಿಟ್‌ಗಳು ಯಂತ್ರದ ಕೈಪಿಡಿಯಲ್ಲಿ ಇರುವಂತೆಯೇ ಇರಬೇಕು, ಕೇಬಲ್ ನೇರವಾದದ್ದೋ ನಲ್-ಮೋಡೆಮ್ ಬಗೆಯದ್ದೋ ಎಂಬುದು ತಿಳಿದಿರಬೇಕು, ಕಾಮ್ ಪೋರ್ಟ್‌ನ ಸಂಖ್ಯೆ ಬದಲಾಗದಂತೆ ಗಟ್ಟಿಮಾಡಬೇಕು. ಇಷ್ಟೆಲ್ಲ ಮಾಡಿದರೂ, ಆ ಕಾಲದ ಸಾಫ್ಟ್‌ವೇರ್ ಇಂದಿನ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಶ್ರಮ ವ್ಯರ್ಥ. ಅದು ತೆರೆಯುತ್ತದೆಯೇ ಎಂದು ಮೊದಲು ನೋಡಿ, ಆಮೇಲೆ ಪೆಟ್ಟಿಗೆ ಕೊಳ್ಳಿ. ತೆರೆಯದಿದ್ದರೆ ಆ ಯಂತ್ರವನ್ನು ಜಾಲದ ಹೊರಗೇ ಬಿಟ್ಟು, ಪಕ್ಕದಲ್ಲಿ ಒಂದು ರನ್ ಪುಸ್ತಕವನ್ನೂ ದಾರ ಕಟ್ಟಿದ ಪೆನ್ನನ್ನೂ ಇಡಿ.